ಮಳೆಗಾಲದ ನಂತರ ಚಾಲೂ ಆಗದ ಹಳೆಯ ಔಟ್‌ಬೋರ್ಡ್ ಎಂಜಿನ್

ಪ್ರಶ್ನೆ: ಗಂಗೊಳ್ಳಿಯಲ್ಲಿ ನಮ್ಮ ನಾಡದೋಣಿಯ ಹಿಂಬದಿಗೆ ಹೊರಗಿನಿಂದ (ಔಟ್‌ಬೋರ್ಡ್) ಅಳವಡಿಸಿರುವ, ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸುವ ಎರಡು ಸ್ಟ್ರೋಕಿನ ಹಳೆಯ ಎಂಜಿನ್, ಮಳೆಗಾಲವಿಡೀ ಶೆಡ್ಡಿನಲ್ಲಿದ್ದು, ಈಗ ಎಷ್ಟು ಹಗ್ಗ ಎಳೆದರೂ ಚಾಲೂ ಆಗುತ್ತಿಲ್ಲ. ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ: ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಹಗ್ಗ ಎಳೆದ ಮೇಲೂ ಅದು ಒಣಗಿದ್ದರೆ ಇಂಧನ ಸಿಲಿಂಡರನ್ನು ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯ ದೋಷವನ್ನು ಶಂಕಿಸಬೇಕು. ಕಿಡಿ ಪರೀಕ್ಷಿಸುವಾಗ ಹತ್ತಿರದಲ್ಲಿ ಪೆಟ್ರೋಲ್ ಆವಿ ಇರದಂತೆ ದಯವಿಟ್ಟು ಎಚ್ಚರ ವಹಿಸಿ.

ಪ್ರಶ್ನಿಸಿದವರು: ಪ್ಲಗ್ ಪೂರ್ತಿ ಒಣಗಿದೆ, ಕಿಡಿ ಬಲವಾಗಿದೆ.

ಇನ್ನೊಂದು ಉತ್ತರ: ಹಾಗಿದ್ದರೆ ನನ್ನ ಅನುಮಾನ ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಮೇಲೆಯೇ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಮತ್ತು ಆಯಿಲ್ ಮಿಶ್ರಣವು ಅಂಟಾಗಿ, ಅದರೊಳಗೆ ಇಂಧನ ಹಾಯುವ ಜೆಟ್‌ನ ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ. ಕಾರ್ಬ್ಯುರೇಟರನ್ನು ಬಿಚ್ಚಿ, ಕ್ಲೀನರ್‌ನಿಂದ ತೊಳೆದು, ಗಾಳಿ ಊದಿ. ತಂತಿ ತೂರಿಸಿದರೆ ರಂಧ್ರ ಹಿಗ್ಗಿ ಗಾಳಿ ಮತ್ತು ಇಂಧನದ ಮಿಶ್ರಣದ ಪ್ರಮಾಣವೇ ಕೆಡುತ್ತದೆ. ಇಂಧನವನ್ನು ಎಂಜಿನ್‌ಗೆ ಕೈಯಿಂದ ಒತ್ತಿ ತಳ್ಳುವ ರಬ್ಬರ್ ಉಂಡೆಯನ್ನು (ಪ್ರೈಮರ್ ಬಲ್ಬ್) ಒತ್ತಿದಾಗ ಅದು ಗಟ್ಟಿಯಾಗದಿದ್ದರೆ ಇಂಧನದ ಕೊಳವೆ ಎಲ್ಲೋ ಗಾಳಿ ಎಳೆಯುತ್ತಿರಬಹುದು, ಅದನ್ನೂ ಬದಲಿಸಿ.