ಸ್ಟೆಪ್ನಿ ಮೇಲೆ 80 ಅಂತ ಸ್ಟಿಕ್ಕರ್, ಟೈರ್ ಮೇಲೆ 190ರ ರೇಟಿಂಗ್, ಯಾವುದು ನಂಬೋದು?

ಬೆಣ್ಣೆನಗರಿ:
ನಮಸ್ಕಾರ ಎಲ್ರಿಗೂ. ನಿನ್ನೆ ಸಂಜೆ ಭರಮಸಾಗರ ದಾಟಿ ದಾವಣಗೆರೆಗೆ ಬರ್ತಿರೋವಾಗ ಮುಂದಿನ ಎಡಗಡೆ ಟೈರ್ ಸೈಡಲ್ಲಿ ಕಟ್ ಆಗಿ ಗಾಳಿ ಪೂರ್ತಿ ಹೋತು, ಸೈಡ್‌ವಾಲ್ ಆಗಿರೋದ್ರಿಂದ ಪಂಚರ್ ಹಾಕಕ್ಕೆ ಬರಲ್ಲ ಅಂದ್ರು, ಈಗ ಸ್ಟೆಪ್ನಿ ಹಾಕ್ಕೊಂಡು ಓಡಿಸ್ತಿದೀನಿ. ಕಾರಿನ ಟೈರ್ 185/65 ಆರ್15 88ಟಿ, ಅಲಾಯ್. ಸ್ಟೆಪ್ನಿ 165/80 ಆರ್14 85ಟಿ, ಸ್ಟೀಲ್ ರಿಮ್ಮು. ರಿಮ್ಮಿನ ಮೇಲೆ ಗಂಟೆಗೆ 80 ಕಿ.ಮೀ. ಮೀರಬಾರದು ಅಂತ ಹಳದಿ ಸ್ಟಿಕ್ಕರ್ ಐತಿ. ನಮ್ಮ ಭಾವ ಏನಂತಾರೆ ಅಂದ್ರೆ, ಟಿ ಅಂದ್ರೆ 190 ತನಕ ತಡ್ಕೊಳ್ಳೋ ಟೈರು, ಸ್ಟಿಕ್ಕರ್ ಕಂಪನಿಯೋರು ತಮ್ಮ ಮೇಲೆ ಬರಬಾರದು ಅಂತ ಅಂಟ್ಸಿರೋದು, ಆರಾಮಾಗಿ 100ರಲ್ಲಿ ಹೋಗು ಅಂತ. ನಾಳೆ ಬೆಳಿಗ್ಗೆ ಅವ್ವನ್ನ ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕು, ಹೆಚ್ಚೂಕಮ್ಮಿ 260 ಕಿ.ಮೀ. ನಮ್ಮ ಕಂಪನಿ ಟೈರ್ ಬರೋದು ಇನ್ನೆರಡು ದಿನ ಆಗ್ತದೆ ಅಂದಾರೆ. ತಿಳಿದೋರು ಹೇಳ್ರಿ.

ಕೋಟೆನಾಡು:
ನಿಮ್ಮ ಭಾವ ಹೇಳಿದ ಅರ್ಧ ಸರಿ ಐತೆ. ಟಿ ಅಂದ್ರೆ 190, 85 ಅಂದ್ರೆ 515 ಕೆ.ಜಿ. ಭಾರ, ನಿಮ್ಮ ಒರಿಜಿನಲ್ 88 ಅಂದ್ರೆ 560 ಕೆ.ಜಿ. ಆದ್ರೆ ಇವೆಲ್ಲ ಆ ಒಂದು ಟೈರು ತಾನಾಗಿ ಎಷ್ಟು ತಡ್ಕೊಳ್ತದೆ ಅನ್ನೋ ಲೆಕ್ಕ. ಸ್ಟಿಕ್ಕರ್ ಹೇಳೋದು ಬೇರೆ, ಮೂರು ಚಕ್ರ ಒಂಥರ, ಒಂದು ಚಕ್ರ ಇನ್ನೊಂಥರ ಇರೋ ಕಾರು ಹೆಂಗೆ ನಡ್ಕೊಳ್ತದೆ ಅನ್ನೋದು.

ಎತ್ತರದ ಲೆಕ್ಕ ಹಾಕಿ ನೋಡಿ (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೇದು ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, ಆರ್ ಆದ್ಮೇಲಿಂದು ರಿಮ್ಮಿನ ಇಂಚು), 185/65 ಆರ್15 ಒಟ್ಟು ವ್ಯಾಸ ಸುಮಾರು 621 ಮಿ.ಮೀ., 165/80 ಆರ್14 ಸುಮಾರು 620. ಅಂದ್ರೆ ಉರುಳೋದ್ರಲ್ಲಿ ಫರಕ್ಕೇ ಇಲ್ಲ, ಸ್ಪೀಡೋಮೀಟರ್ ತಪ್ಪು ತೋರ್ಸಲ್ಲ, ಡಿಫರೆನ್ಷಿಯಲ್ (ಎಡ, ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಗೇರು) ಮೇಲೂ ಹೊರೆ ಬೀಳಲ್ಲ. ತುಂಬ ಜನ ಇದನ್ನ ನೋಡಿ ಹಂಗಾದ್ರೆ ಸ್ಟಿಕ್ಕರ್ ಸುಮ್ನೆ ಅಂದ್ಕೊಂಡುಬಿಡ್ತಾರೆ. ಫರಕ್ಕು ಇರೋದು ಅಗಲದಲ್ಲಿ, ಸ್ಟೆಪ್ನಿ 20 ಮಿ.ಮೀ. ಸಣ್ಣದು, ಸೈಡ್‌ವಾಲ್ ಮಾತ್ರ 120 ಮಿ.ಮೀ. ಇದ್ದದ್ದು 132 ಆಗೈತೆ. ತಿರುವಲ್ಲಿ ಅದು ಜಾಸ್ತಿ ಬಾಗ್ತದೆ, ಬ್ರೇಕ್ ಒತ್ತಿದಾಗ ಎಡಗಡೆ ಹಿಡಿತ ಒಂದು, ಬಲಗಡೆ ಹಿಡಿತ ಇನ್ನೊಂದು, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ಎಬಿಎಸ್ ಕೂಡ ಎರಡೂ ಕಡೆ ಒಂದೇ ಥರ ಕೆಲಸ ಮಾಡಲ್ಲ. ನೇರ ರಸ್ತೇಲಿ ಸುಮ್ನೆ ಹೋಗ್ತಿದ್ರೆ ಇದ್ಯಾವುದೂ ಗೊತ್ತೇ ಆಗಲ್ಲ, ಎಮ್ಮೆ ಅಡ್ಡ ಬಂದಾಗ ಗೊತ್ತಾಗ್ತದೆ. 80ರಿಂದ 100ಕ್ಕೆ ಹೋದ್ರೆ ಬರೀ 20 ಜಾಸ್ತಿ ಅನ್ಸುತ್ತೆ, ಆದ್ರೆ ಬ್ರೇಕು ತಡೀಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗ್ತದೆ. ಅವ್ವ ಕೂತಿರೋ ಗಾಡಿ ಸ್ವಾಮಿ, 80 ಅಂದ್ರೆ 80.

ಹೈವೇ ಗಾಡಿ:
ನಾನು ಟ್ಯಾಕ್ಸಿ ಓಡ್ಸೋನು. ಸ್ಟೆಪ್ನಿ ಹಾಕ್ಕೊಂಡು ಹಿರಿಯೂರು, ಶಿರಾ ಎಲ್ಲ ದಾಟಿ 100ರಲ್ಲೇ ಹೋಗಿದೀನಿ, ಏನೂ ಆಗಿಲ್ಲ. ಸಿಕ್ಸ್ ಲೇನಲ್ಲಿ 80ರಲ್ಲಿ ಹೋದ್ರೆ ಹಿಂದಿನೋರು ಹಾರ್ನ್ ಹೊಡ್ದು ಹೊಡ್ದು ಸಾಯಿಸ್ತಾರೆ, ಅದೇ ಡೇಂಜರ್ ಅನ್ಸುತ್ತೆ ನಂಗೆ.

ಕೋಟೆನಾಡು:
ಅಣ್ಣಾ, ನಿಮ್ಮ ಟ್ಯಾಕ್ಸಿ ಸ್ಟೆಪ್ನಿ ಬಾಕಿ ನಾಲ್ಕರ ಸೈಜೇ ಇರಬಹುದು, ಸ್ಟಿಕ್ಕರೇ ಇಲ್ಲದ ಫುಲ್ ಸೈಜ್ ಆದ್ರೆ ಈ ಮಾತೇ ಬರಲ್ಲ. ಇನ್ನು ಹಾರ್ನ್ ವಿಷಯ, ನಾಲ್ಕು ಲೇನು ಅದಕ್ಕಿಂತ ದೊಡ್ಡ ಹೈವೇಲಿ ಕಾರಿಗೆ 100 ಅಂತ 2018ರಲ್ಲಿ ಕೇಂದ್ರ ಸರ್ಕಾರ ಮಾಡಿದಾಗ ಲಾರಿಗೆ 80ನೇ ಮಿತಿ ಇಟ್ಟಿದ್ದು. ಎಡಗಡೆ ಲೇನಲ್ಲಿ ಲಾರಿಗಳ ಜೊತೆ ಹೋದ್ರೆ ಯಾರು ಹಾರ್ನ್ ಹೊಡೀತಾರೆ? ಬಲಗಡೆ ಲೇನಲ್ಲಿ 80 ಹೋದ್ರೆ ಬೈಸ್ಕೊಳ್ಳೋದು ನ್ಯಾಯಾನೇ.

ಪಿಬಿ ರೋಡ್ ಟೈರ್:
ನಮ್ದು ಟೈರ್ ಅಂಗಡಿ ಐತ್ರಿ, ಕೆಲವು ಮಾತು ಹೇಳ್ತೀನಿ. ಮೊದ್ಲು ಸ್ಟೆಪ್ನಿ ಗಾಳಿ ಚೆಕ್ ಮಾಡ್ಸಿ, ನಮ್ಮ ಹತ್ರ ಬರೋ ಸ್ಟೆಪ್ನಿಗಳಲ್ಲಿ ಗಾಳಿ ಕಮ್ಮಿ ಇಲ್ದೇ ಇರೋದೇ ಅಪರೂಪ, ಡಿಕ್ಕಿ ತೆಗೆದು ನೋಡೋರೇ ಇಲ್ಲ. ಎಷ್ಟು ಇರಬೇಕು ಅಂತ ಡ್ರೈವರ್ ಬಾಗಿಲ ಹತ್ರ ಬರ್ದಿರ್ತದೆ. ಕೆಲವು ದೊಡ್ಡ ಗಾಡಿಗಳಲ್ಲಿ ಸೈಜಿನ ಮುಂದೇನೇ ಟಿ ಅಂತ ಇರೋ ಸಣ್ಣ ಸ್ಟೆಪ್ನಿ ಬರ್ತದೆ, ಟಿ125/70 ಅಂತೆಲ್ಲ, ಅದಕ್ಕೆ 60 ಪಿಎಸ್‌ಐ ಹೊಡಿಬೇಕು, ಅದು ನಿಜವಾಗ್ಲೂ ಅಂಗಡಿ ತನಕ ಹೋಗಕ್ಕೆ ಅಷ್ಟೇ. ಮುಂದೆ ಬರೋ ಟಿ ಅಂದ್ರೆ ಟೆಂಪರರಿ, ಕೊನೇಲಿ ಬರೋ ಟಿ ವೇಗದ್ದು, ಎರಡನ್ನೂ ಸೇರಿಸ್ಬೇಡ್ರಿ. ನಿಮ್ದು ಆ ಥರದ್ದಲ್ಲ.

ಟೈರಿನ ಸೈಡಲ್ಲಿ ನಾಲ್ಕು ಅಂಕಿ ನೋಡಿ, 2319 ಅಂದ್ರೆ 2019ರ 23ನೇ ವಾರ ಮಾಡಿದ್ದು. ಓಡದೇ ಇದ್ರೂ ರಬ್ಬರ್‌ಗೆ ವಯಸ್ಸಾಗ್ತದೆ.

ಆಮೇಲೆ ಮುಖ್ಯವಾದದ್ದು, ಮುಂದಿನ ಚಕ್ರಕ್ಕೆ ಇಂಜಿನ್ ಎಳೆತ, ಸ್ಟೇರಿಂಗು, ಬ್ರೇಕಿನ ಜಾಸ್ತಿ ಭಾಗ, ಎಲ್ಲಾ ಅಲ್ಲೇ. ನಾನಾಗಿದ್ರೆ ಸ್ಟೆಪ್ನಿನ ಹಿಂದಕ್ಕೆ ಹಾಕಿ ಹಿಂದಿನ ಒಳ್ಳೆ ಚಕ್ರ ಮುಂದಕ್ಕೆ ತರ್ತಿದ್ದೆ. ಎರಡು ಸಲ ಜಾಕ್ ಹೊಡಿಬೇಕು, ಹೊಡೀರಿ. ಒಂದಷ್ಟು ದೂರ ಓಡಿದ ಮೇಲೆ ನಟ್ಟು ಇನ್ನೊಂದು ಸಲ ಟೈಟ್ ಮಾಡ್ಸಿ.

ಆದ್ರೆ 260 ಕಿ.ಮೀ.ಗೆ ಸ್ಟೆಪ್ನಿ ಯಾಕ್ರಿ? 185/65 ಆರ್15 ತುಂಬ ಓಡೋ ಸೈಜು, ಇವತ್ತೇ ದಾವಣಗೆರೇಲಿ ಬೇರೆ ಕಂಪನಿದು ಸಿಗ್ತದೆ. ನಿಮ್ಮ ಕಂಪನಿದೇ ಆಗಬೇಕು ಅಂತ ಎರಡು ದಿನ ಕಾಯೋ ಬದ್ಲು ಅದನ್ನ ಹಾಕ್ಸಿ ಹಿಂದಕ್ಕಿಡ್ರಿ, ಪುರುಸೊತ್ತಾದಾಗ ಅದರ ಜೋಡಿ ಇನ್ನೊಂದು ತಗೊಂಡ್ರೆ ಹಿಂದಿನೆರಡೂ ಒಂದೇ ಥರ ಆಗ್ತವೆ.

ಬೆಣ್ಣೆನಗರಿ:
ಎಲ್ರಿಗೂ ಥ್ಯಾಂಕ್ಸ್. ಈಗ ಪೆಟ್ರೋಲ್ ಬಂಕಲ್ಲಿ ನೋಡಿಸ್ದೆ, ಸ್ಟೆಪ್ನೀಲಿ ಬರೀ 19 ಪಿಎಸ್‌ಐ ಇತ್ತು! ಭಾವಗೂ ಈ ಮಾತೆಲ್ಲ ಓದಿಸ್ದೆ, ಸೈಡ್‌ವಾಲ್ ಲೆಕ್ಕ ಕೇಳಿ ಒಪ್ಕೊಂಡ್ರು. ಒಂದು ಡೌಟು, ಡ್ಯಾಶ್‌ಬೋರ್ಡಲ್ಲಿ ಗಾಳಿ ಲೈಟು ಇನ್ನೂ ಉರೀತಾನೇ ಐತಿ, ಗಾಳಿ ತುಂಬ್ಸಿದ ಮೇಲೂ.

ಪಿಬಿ ರೋಡ್ ಟೈರ್:
ಸೆನ್ಸಾರು ಅಲಾಯ್ ಒಳಗಡೆ ಇರ್ತದೆ, ಸ್ಟೆಪ್ನೀಲಿ ಸಾಮಾನ್ಯವಾಗಿ ಇರಲ್ಲ, ಅದಕ್ಕೇ. ಹೊಸ ಟೈರು ಅದೇ ಅಲಾಯ್‌ಗೆ ಹಾಕ್ಸಿದ್ರೆ ಸ್ವಲ್ಪ ದೂರ ಓಡಿದ ಮೇಲೆ ಆರುತ್ತೆ. ಟೈರ್ ಬಿಚ್ಚೋರಿಗೆ ಒಳಗೆ ಸೆನ್ಸಾರ್ ಐತಿ ಅಂತ ಮೊದ್ಲೇ ಹೇಳ್ರಿ, ವಾಲ್ವ್ ಪಕ್ಕ ಸಬ್ಬಲ್ ಹಾಕಿದ್ರೆ ಮುರಿದು ಹೋಗ್ತದೆ.