ಹಳೇ ಹಾಡು ಕೇಳಿದರೆ ಖುಷಿ, ಹಳೇ ಪ್ಯಾಂಟ್ ನೋಡಿದರೆ ನಾಚಿಕೆ. ಯಾಕೆ?

ಕ್ಯಾಸೆಟ್ ಕಾಲದವನು ಕೇಳಿದ್ದು:

ನನ್ನ ಹದಿಹರೆಯ ಕಳೆದದ್ದು 90ರ ದಶಕದಲ್ಲಿ. ಆಗಿನ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಈಗಲೂ ಕೈಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಒಂದು ಸಾಲೂ ಮರೆತಿಲ್ಲ. ಆದರೆ ಅದೇ ಕಾಲದ ಫೋಟೊ ಯಾರಾದರೂ ತೆಗೆದರೆ ಕಿತ್ತುಕೊಂಡು ಬಚ್ಚಿಡೋಣ ಅನಿಸುತ್ತದೆ. ಒಂದೇ ಕಾಲಲ್ಲಿ ಇಬ್ಬರು ತೂರಬಹುದಾದಷ್ಟು ದೊಗಲೆ ಪ್ಯಾಂಟು, ಅದರ ಅಂಚು ಹಿಮ್ಮಡಿ ಕೆಳಗೆ ಸಿಕ್ಕಿ ಸವೆದು ನೂಲು ನೇತಾಡುತ್ತಿದೆ, ಮೇಲೆ ನನ್ನದೇ ಅಲ್ಲವೇನೋ ಅನ್ನುವಂಥ ಶರ್ಟು. ಅದಕ್ಕೋಸ್ಕರ ಮನೆಯಲ್ಲಿ ಜಗಳ ಬೇರೆ! ಎರಡನ್ನೂ ಇಷ್ಟಪಟ್ಟಿದ್ದು ಅದೇ ನಾನು, ಅದೇ ವಯಸ್ಸಲ್ಲಿ. ಹಾಡು ಮಾತ್ರ ಯಾಕೆ ಹಳಸಲಿಲ್ಲ? ವಯಸ್ಸಾಯ್ತು ಅಂತ ಮಾತ್ರ ಹೇಳಬೇಡಿ, ಅದು ಗೊತ್ತು.

ಸುಮ್ನೆ ಓದುವವಳು:

ಹಾಡಿನ ವಿಷಯಕ್ಕೆ ಮನಶ್ಶಾಸ್ತ್ರದವರು ಕೊಡುವ ವಿವರಣೆ ಇದೆ. ವಯಸ್ಸಾದವರಿಗೆ ಹಳೆಯದು ನೆನಪಿಸಿಕೊಳ್ಳಿ ಅಂದರೆ ಹೆಚ್ಚು ನೆನಪು ಬರುವುದು ಸುಮಾರು 10ರಿಂದ 30 ವರ್ಷದ ನಡುವಿನವು. ಇದನ್ನು ರೆಮಿನಿಸೆನ್ಸ್ ಬಂಪ್ ಅನ್ನುತ್ತಾರೆ. ಎಲ್ಲವೂ ಮೊದಲ ಸಲ ಆಗುವ ವಯಸ್ಸು, ನಾನು ಯಾರು ಅಂತ ತೀರ್ಮಾನ ಆಗುವ ವಯಸ್ಸು, ಅದಕ್ಕೇ ಗಟ್ಟಿಯಾಗಿ ಕೂರುತ್ತದೆ. ಹಾಡೂ ಅದರ ಜೊತೆಗೇ ಕೂತುಬಿಡುತ್ತದೆ.

ಬಟ್ಟೆಗೆ ಇನ್ನೊಂದು ಲೆಕ್ಕ. ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದ್ದ ಜೇಮ್ಸ್ ಲೇವರ್ 1937ರಲ್ಲಿ ಒಂದು ಪಟ್ಟಿ ಮಾಡಿದ್ದರು. ಫ್ಯಾಷನ್ ಹೋಗಿ 10 ವರ್ಷಕ್ಕೆ ಅದು ಅಸಹ್ಯ, 20ಕ್ಕೆ ನಗೆಪಾಟಲು, 30ಕ್ಕೆ ತಮಾಷೆ, 70ಕ್ಕೆ ಮುದ್ದು, 150 ವರ್ಷ ಕಳೆದರೆ ಸುಂದರ! ನಿಮ್ಮ ಪ್ಯಾಂಟು ಈಗ 30ರ ಹತ್ತಿರ ಇದೆ, ಅಂದರೆ ನಾಚಿಕೆ ಬಿಟ್ಟು ನಗುವ ಸಮಯ. ಫೋಟೊ ಹಾಕಿ ನೋಡೋಣ 😄

ಬಿ ಸೈಡ್:

ಅಕ್ಕಾ, ಲೆಕ್ಕ ಚೆನ್ನಾಗಿದೆ, ಆದರೆ ನನಗೆ ಕಾರಣ ಇನ್ನೂ ಸರಳ ಅನಿಸುತ್ತದೆ. ನಮ್ಮ ಹತ್ತಿರ ಹಾಡುಗಳೇ ಕಡಿಮೆ ಇದ್ದವು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ 30 ನಿಮಿಷ, ಅದನ್ನೇ ತಿರುಗಿಸಿ ತಿರುಗಿಸಿ ಕೇಳಬೇಕು. ಇಷ್ಟವಿಲ್ಲದ ಹಾಡು ದಾಟಿಸಲು ಫಾರ್ವರ್ಡ್ ಒತ್ತಿ ಅಂದಾಜಲ್ಲಿ ನಿಲ್ಲಿಸುವ ರಗಳೆಗಿಂತ ಕೇಳಿಬಿಡುವುದೇ ವಾಸಿ ಅಂತ ಅದನ್ನೂ ಕೇಳುತ್ತಿದ್ದೆವು, ಕೊನೆಗೆ ಅದೂ ಇಷ್ಟ ಆಗಿಬಿಡುತ್ತಿತ್ತು. ಇವತ್ತಿಗೂ ಒಂದು ಹಾಡು ಮುಗಿದ ಕೂಡಲೇ ಆ ಕ್ಯಾಸೆಟ್‌ನ ಮುಂದಿನ ಹಾಡು ತಲೆಯಲ್ಲಿ ಶುರುವಾಗುತ್ತದೆ. ನಿಮಗೂ ಅಲ್ವಾ?

ರೇಡಿಯೊದಿಂದ ರೆಕಾರ್ಡ್ ಮಾಡಿದ್ದರಲ್ಲಂತೂ ನಿರೂಪಕರ ಅರ್ಧ ಮಾತೂ ಹಾಡಿನ ಭಾಗವೇ. ಅದರ ಮೇಲೆ ತಮ್ಮನೋ ತಂಗಿಯೋ ಇನ್ನೇನೋ ರೆಕಾರ್ಡ್ ಮಾಡಬಾರದು ಅಂತ ಕ್ಯಾಸೆಟ್‌ನ ಹಿಂದಿನ ಅಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡುತ್ತಿದ್ದೆವು. ಮನಸ್ಸು ಬದಲಾದರೆ ಆ ತೂತಿಗೆ ಒಂದು ತುಂಡು ಸೆಲೋಟೇಪ್, ಮತ್ತೆ ರೆಕಾರ್ಡ್. 2001ರಲ್ಲಿ ಐಪಾಡ್ ಬಂತು, ಜೇಬಲ್ಲಿ ಸಾವಿರ ಹಾಡು ಅಂದರು. ಸಾವಿರ ಇದ್ದರೆ ಯಾವುದನ್ನ ಅಷ್ಟು ಸಲ ಕೇಳುತ್ತೀರಿ?

ಒಪ್ಪಲ್ಲ ಬಿಡಿ:

ನಾನು ಸ್ವಲ್ಪ ತಗಾದೆ ತೆಗೆಯುತ್ತೇನೆ. ಆಗಿನ ಹಾಡೆಲ್ಲ ಹಳಸಿಲ್ಲ ಅನ್ನುವುದೇ ಸುಳ್ಳು. ಹಳಸಿದ್ದು ನೆನಪಿಲ್ಲ, ಅಷ್ಟೇ. ಆ ಕಾಲದ ಯಾವುದಾದರೂ ಒಂದು ವಾರದ ಟಾಪ್ ಹತ್ತು ಪಟ್ಟಿ ತೆಗೆದು ಪೂರ್ತಿ ಕೇಳಿ, ಅರ್ಧ ಕಸ. ಹಾಡಿನಲ್ಲಿ ಕಸವನ್ನು ಕಾಲವೇ ಸೋಸಿ ಎಸೆದಿದೆ, ಬಟ್ಟೆಯಲ್ಲಿ ಫೋಟೊ ಬಿಡುವುದಿಲ್ಲ, ಎಲ್ಲ ಹಾಗೇ ಹಿಡಿದಿಟ್ಟಿದೆ.

ಇನ್ನೊಂದು ವಿಷಯ, ಬಟ್ಟೆ ಹಾಕುತ್ತಿದ್ದದ್ದೇ ಗುಂಪಿಗೆ ಸೇರಲು. ಗುಂಪು ಚದುರಿದ ಮೇಲೆ ಆ ಪ್ಯಾಂಟಿಗೆ ಏನು ಕೆಲಸ? ಹಾಡನ್ನು ಒಬ್ಬರೇ ಕೇಳಿದರೂ ನಡೆಯುತ್ತದೆ. (ಗುಂಪು ಅಂದ ಮೇಲೆ ನೆನಪಾಯ್ತು, 1979ರ ಮೊದಲ ಸೋನಿ ವಾಕ್‌ಮನ್‌ನಲ್ಲಿ ಎರಡು ಹೆಡ್‌ಫೋನ್ ಸಿಕ್ಕಿಸಲು ಜಾಗ ಇತ್ತು. ಒಬ್ಬರೇ ಕೇಳುವುದು ಅಸಭ್ಯ ಅನಿಸೀತು ಅಂತ ಕಂಪನಿಯವರಿಗೇ ಹೆದರಿಕೆ!)

ಮತ್ತೆ, ಈಗ ಹುಡುಗ ಹುಡುಗಿಯರು ಅದೇ ದೊಗಲೆ ಪ್ಯಾಂಟ್ ಹಾಕುತ್ತಿದ್ದಾರೆ, ಗಮನಿಸಿದಿರಾ? ಅವರ ಮೇಲೆ ಚೆನ್ನಾಗೇ ಕಾಣುತ್ತದೆ.

ಕ್ಯಾಸೆಟ್ ಕಾಲದವನು:

ಗಮನಿಸದೆ ಏನು, ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ. ಅವಳ ಪ್ಯಾಂಟ್ ಅಂಚು ಸವೆದಿದೆ ಅಂತ ಮೊನ್ನೆ ಬೈದೆ ಕೂಡ 😀

ಗುಂಪಿನ ಮಾತು ಒಪ್ಪಿದೆ. ಆ ಫೋಟೊದಲ್ಲಿ ಐದೂ ಜನ ಒಂದೇ ಥರ ನಿಂತಿದ್ದೇವೆ. ಒಬ್ಬನನ್ನೇ ನೋಡಿದರೆ ಕೋಡಂಗಿ, ಐದೂ ಜನರನ್ನು ಒಟ್ಟಿಗೆ ನೋಡಿದರೆ ಪರವಾಗಿಲ್ಲ. ಹಾಕಲ್ಲ, ಕೇಳಬೇಡಿ.

ಬಿ ಸೈಡ್ ಅವರೇ, ಒಂದು ಡಬ್ಬಿ ಕ್ಯಾಸೆಟ್ ಇನ್ನೂ ಇದೆ. ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾ?

ಬಿ ಸೈಡ್:

ಖಂಡಿತ. ಮೊದಲು ಕ್ಯಾಸೆಟ್‌ನ ತೆರೆದ ಬದಿಯಲ್ಲಿ, ಟೇಪಿನ ಹಿಂದೆ, ಪುಟ್ಟ ಚೌಕಾಕಾರದ ಪ್ಯಾಡ್ ಇದೆಯಾ ನೋಡಿ. ಹಳೆಯದರಲ್ಲಿ ಅಂಟು ಬಿಟ್ಟು ಉದುರಿರುತ್ತದೆ, ಅದಿಲ್ಲದಿದ್ದರೆ ಧ್ವನಿ ಮಂಕಾಗಿ ಬರುತ್ತದೆ. ಪ್ಲೇ ಒತ್ತುವ ಮೊದಲು ಕೊನೆವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ, ಇಷ್ಟು ವರ್ಷ ಬಿದ್ದಿದ್ದ ಟೇಪು ಅಂಟಿಕೊಂಡಿದ್ದರೆ ಸಡಿಲವಾಗುತ್ತದೆ. ಆಮೇಲೆ ಪ್ಲೇಯರ್‌ನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರು, ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್. ವಾಲ್ಯೂಮ್ ಜಾಸ್ತಿ ಇಡಬೇಡಿ, ಒಡೆಯುತ್ತದೆ. ಬೇಗ ಮುಗಿಸುವ ದಾರಿ ಇಲ್ಲ, ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆ ಕೂರಲೇಬೇಕು. ನಿರೂಪಕರ ಮಾತು ಮಾತ್ರ ಕತ್ತರಿಸಬೇಡಿ.