ನಲವತ್ತು ದಾಟಿದ ಮೇಲೆ ಫೋಟೋಗ್ರಫಿ ಕೋರ್ಸ್: ಕೊಡಗಿನಲ್ಲಿದ್ದುಕೊಂಡು ಯಾವುದನ್ನು ಆರಿಸಬೇಕು?

ತೋಟದಮನೆ_ವಿರಾಜಪೇಟೆ

ವಯಸ್ಸು 46. ಕಾಫಿ ತೋಟ, ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಕೈಯಲ್ಲಿರುವುದು 24 ಮೆಗಾಪಿಕ್ಸೆಲ್‌ನ ಹಳೇ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಲೆನ್ಸ್. ಆಟೋ ಮೋಡ್ ಬಿಟ್ಟು ಬೇರೇನೂ ಗೊತ್ತಿಲ್ಲ. ಹೋಂಸ್ಟೇ ಕೋಣೆ, ಕಾಫಿ ಹೂವು, ನೆಂಟರ ಮದುವೆ, ಇಷ್ಟನ್ನು ಚೆನ್ನಾಗಿ ತೆಗೆಯಲು ಬಂದರೆ ಸಾಕು.

ನೋಡಿಟ್ಟಿರುವ ಕೋರ್ಸ್ ಮೂರು: ಜುಲೈನಲ್ಲಿ ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರಲ್ಲಿ ಎರಡು ದಿನದ ವರ್ಕ್‌ಶಾಪ್, ಹನ್ನೆರಡು ವಾರದ ಆನ್‌ಲೈನ್ ಕೋರ್ಸ್, ಬೆಂಗಳೂರಿನಲ್ಲಿ ಒಂದು ವರ್ಷದ ಡಿಪ್ಲೊಮಾ. ಸರ್ಟಿಫಿಕೇಟ್ ಇಲ್ಲದಿದ್ದರೆ ನಷ್ಟವೇ? ಹೊಸ ಕ್ಯಾಮೆರಾ ತೆಗೆದುಕೊಂಡೇ ಸೇರಬೇಕೇ?

ಬೆಳಕಿಂಡಿ

ಸರ್ಟಿಫಿಕೇಟ್ ವಿಷಯ ಮೊದಲು ಮುಗಿಸಿಬಿಡೋಣ. ನಿಮ್ಮ ಕೆಲಸಕ್ಕೆ ಅದು ಬೇಡ. ವೃತ್ತಿಗೇ ಇಳಿಯುವವರಿಗೆ ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾ ಇದೆ, ಊಟಿ ಬಳಿ ಲವ್‌ಡೇಲ್‌ನಲ್ಲಿ ಲೈಟ್ ಅಂಡ್ ಲೈಫ್ ಅಕಾಡೆಮಿ ಇದೆ. ಅಂಥ ಕಡೆ ಕಲಿಯಲು ಊರು ಬಿಟ್ಟು ಹೋಗಿ ಕೂರಬೇಕು. ಬೆಂಗಳೂರಿನ ಡಿಪ್ಲೊಮಾದ ಕಥೆಯೂ ಅದೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಒಣಗಿಸುವುದು ಇರುವವರಿಗೆ ಅದು ಆಗುವ ಮಾತಲ್ಲ.

ಉಳಿದ ಎರಡರಲ್ಲಿ ಆರಿಸುವಾಗ ಸಿಲೆಬಸ್‌ಗಿಂತ ಮೊದಲು ಒಂದು ಪ್ರಶ್ನೆ ಕೇಳಿ: ನಾನು ತೆಗೆದ ಎಷ್ಟು ಫೋಟೋಗಳನ್ನು ಮೇಷ್ಟ್ರು ಕೂತು ನೋಡಿ, ತಪ್ಪು ಹೇಳುತ್ತಾರೆ? ಸಿಲೆಬಸ್ ಎಲ್ಲ ಕಡೆ ಒಂದೇ. ಅಪರ್ಚರ್ (ಲೆನ್ಸ್ ಕಿಂಡಿಯ ಅಗಲ, ಎಫ್ ಅಂಕಿ), ಶಟರ್ (ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಸಂವೇದನೆ) ಪಾಠ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಡಬೇಕಾದದ್ದು ತಿದ್ದುವಿಕೆಗೆ. ಒಟ್ಟು ಫೀಸನ್ನು ತಿದ್ದಿಸಿಕೊಳ್ಳುವ ಫೋಟೋಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಅಗ್ಗ ಅಂದುಕೊಂಡ ಕೋರ್ಸೇ ದುಬಾರಿ ಎಂದು ಎಷ್ಟೋ ಸಲ ಆಗ ಗೊತ್ತಾಗುತ್ತದೆ.

ಎರಡು ದಿನದ ವರ್ಕ್‌ಶಾಪ್‌ನ ತೊಂದರೆ ಇದು. ಇಪ್ಪತ್ತೈದು ಮಂದಿ ಟ್ರೈಪಾಡ್ ಸಾಲಾಗಿ ನಿಲ್ಲಿಸುತ್ತಾರೆ, ಮೇಷ್ಟ್ರು 'ಎಫ್/11, ಅರ್ಧ ಸೆಕೆಂಡ್, ಐಎಸ್‌ಒ 100' ಎಂದು ಕೂಗುತ್ತಾರೆ, ಎಲ್ಲರಿಗೂ ಅಬ್ಬಿ ಜಲಪಾತದ ನೀರು ಹಾಲಿನಂತೆ ಬರುತ್ತದೆ. ಮನೆಗೆ ಹೋಗಿ ಬೇರೆ ಬೆಳಕಿನಲ್ಲಿ ಅದೇ ಅಂಕಿ ಹಾಕಿದರೆ ಬಿಳೀ ಹಾಳೆ. ಯಾಕೆ ಅರ್ಧ ಸೆಕೆಂಡ್ ಎಂದು ಯಾರೂ ಹೇಳಿರುವುದಿಲ್ಲ. ಅದೂ ಜುಲೈ, ಕಕ್ಕಡ ತಿಂಗಳ ಮಳೆ. ಹೊರಾಂಗಣದ ಅವಧಿ ರದ್ದಾದರೆ ದುಡ್ಡು ವಾಪಸೋ, ಬೇರೆ ದಿನವೋ ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಅಲ್ಲಿಗೇ ಬಿಡಿ.

ಆನ್‌ಲೈನ್ ಕೋರ್ಸ್‌ನವರಿಗೆ ಕೇಳಬೇಕಾದದ್ದು ಬೇರೆ. ಬ್ಯಾಚ್‌ನಲ್ಲಿ ಎಷ್ಟು ಜನ? ಹತ್ತು ದಾಟಿದರೆ ಒಂದು ಗಂಟೆಯ ತರಗತಿಯಲ್ಲಿ ನಿಮ್ಮ ಪಾಲಿಗೆ ಆರು ನಿಮಿಷವೂ ಬರುವುದಿಲ್ಲ. ಪಾಠ ನೇರವೋ, ರೆಕಾರ್ಡ್ ಮಾಡಿದ್ದೋ? ತಿದ್ದಿದ ಹಳೆಯ ಅಸೈನ್‌ಮೆಂಟ್ ಒಂದನ್ನು ತೋರಿಸುತ್ತಾರಾ? ಇದು ಮುಖ್ಯ. 'ವಾವ್, ಸೂಪರ್ ಫ್ರೇಮ್' ಅಂತಷ್ಟೇ ಬರೆದಿದ್ದರೆ ಅದು ತಿದ್ದಿದ್ದಲ್ಲ. 'ಫೋಕಸ್ ಕಣ್ಣಿನ ಮೇಲಿಲ್ಲ, ಕಿವಿಯ ಮೇಲಿದೆ. ಸಿಂಗಲ್ ಪಾಯಿಂಟ್‌ಗೆ ಬದಲಿಸಿ ಮತ್ತೆ ತೆಗೆಯಿರಿ' ಎಂದಿದ್ದರೆ ಸೇರಬಹುದು.

ಕುಪ್ಯಚೇಲೆ

ಮೇಲಿನವರು ಹೇಳಿದ್ದು ಸರಿ, ಆದರೆ ಸಿಲೆಬಸ್ ಎಲ್ಲ ಕಡೆ ಒಂದೇ ಅನ್ನುವುದನ್ನು ಒಪ್ಪುವುದಿಲ್ಲ. ಎಷ್ಟೋ ಕೋರ್ಸ್‌ಗಳಲ್ಲಿ ಫ್ಲ್ಯಾಶ್ ಇರುವುದೇ ಇಲ್ಲ. ಮದುವೆ ತೆಗೆಯುವವರಿಗೆ ಅದಿಲ್ಲದೆ ಆಗುವುದಿಲ್ಲ.

ನಮ್ಮ ಕೊಡವ ಮದುವೆಯನ್ನೇ ತೆಗೆದುಕೊಳ್ಳಿ. ಮದುಮಗ ಬಿಳೀ ಕುಪ್ಯದಲ್ಲಿ (ಉದ್ದನೆಯ ಮೇಲಂಗಿ), ಸುತ್ತ ನಿಂತ ಗಂಡಸರೆಲ್ಲ ಕಪ್ಪು ಕುಪ್ಯದಲ್ಲಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಏನು ಕಂಡರೂ ನಡು ಬೂದು ಎಂದೇ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಕುಪ್ಯ ಇದ್ದರೆ ಅದನ್ನು ಬೂದು ಮಾಡಲು ಹೋಗಿ ಬೆಳಕು ಏರಿಸುತ್ತದೆ, ಮುಖಗಳು ಸುಟ್ಟ ಹಾಗೆ ಬೆಳ್ಳಗಾಗುತ್ತವೆ. ಅಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಲೆಕ್ಕವನ್ನು ನಾವೇ ಏರಿಸಿ ಇಳಿಸುವುದು) −2/3ರಿಂದ −1. ಮದುಮಗನನ್ನು ಮಾತ್ರ ಹತ್ತಿರದಿಂದ ತೆಗೆದರೆ ಬಿಳಿ ಮಂಕಾಗುತ್ತದೆ, ಅಲ್ಲಿ +2/3. ಹತ್ತು ಹೆಜ್ಜೆ ಅಂತರದಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ಹತ್ತಿರ ವ್ಯತ್ಯಾಸ. ಡೆಮೊ ತರಗತಿಯಲ್ಲಿ ಇದನ್ನೇ ಕೇಳಿ: 'ಬಿಳಿ ಉಡುಪಿನವರು ಒಬ್ಬರು, ಕಪ್ಪು ಉಡುಪಿನವರು ಹತ್ತು ಜನ, ಒಂದೇ ಫೋಟೋದಲ್ಲಿ ಹೇಗೆ?' ಸ್ಥಿರ ಬೆಳಕಿದ್ದರೆ ಮ್ಯಾನುವಲ್ ಮೋಡ್, ಮುಖದ ಬೆಳಕನ್ನಷ್ಟೇ ಅಳೆಯಲು ಸ್ಪಾಟ್ ಮೀಟರ್, ಆಮೇಲೆ ಹಿಸ್ಟೋಗ್ರಾಂ (ಫೋಟೋದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಪರೀಕ್ಷೆ ಎಂದು ವಿವರಿಸುವವರು ಕೆಲಸ ಬಲ್ಲವರು. 'ಆಮೇಲೆ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡೋಣ' ಅಂದರೆ ಮುಂದಿನ ಕೋರ್ಸ್ ನೋಡಿ.

ಫ್ಲ್ಯಾಶ್ ಪಾಠದಲ್ಲಿ ಎರಡು ವಿಷಯ ಇರಲೇಬೇಕು. ಒಂದು ಸಿಂಕ್ ಸ್ಪೀಡ್, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್: ಈ ದರ್ಜೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 1/200 ಸೆಕೆಂಡ್, ಅದನ್ನು ದಾಟಿದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಇನ್ನೊಂದು ಬೌನ್ಸ್, ಅಂದರೆ ಫ್ಲ್ಯಾಶ್ ಬೆಳಕನ್ನು ಮೇಲಕ್ಕೆ ಹೊಡೆದು ಅಲ್ಲಿಂದ ಮುಖಕ್ಕೆ ಬೀಳಿಸುವುದು: ಬಿಳೀ ತಾರಸಿಗೆ ಹೊಡೆದರೆ ಚೆಂದ, ಹಳೇ ಮನೆಯ ಮರದ ಚಾವಣಿಗೆ ಹೊಡೆದರೆ ಬೆಳಕೂ ಕಮ್ಮಿ, ಮುಖವೂ ಹಳದಿ.

ಮಂಜುಮಲೆ

ಕೋಣೆ ಫೋಟೋ ಬಗ್ಗೆ ಯಾರೂ ಹೇಳಲಿಲ್ಲ, ದುಡ್ಡು ತರುವುದು ಅದೇ ಅಲ್ಲವೇ. ಕೋರ್ಸ್‌ನಲ್ಲಿ ಬ್ರಾಕೆಟಿಂಗ್ ಇದೆಯಾ ನೋಡಿ. ಕಿಟಕಿಯಾಚೆ ತೋಟ ಬೆಳ್ಳಗೆ, ಒಳಗೆ ಕತ್ತಲೆ. ಟ್ರೈಪಾಡ್ ಮೇಲೆ −2, 0, +2 ಮೂರು ಫೋಟೋ ತೆಗೆದು ಕೂಡಿಸಬೇಕು. ಕ್ಯಾಮೆರಾ ಎದೆಮಟ್ಟದಲ್ಲಿ, ಮಟ್ಟಸವಾಗಿ. ಮೇಲಕ್ಕೆ ಬಾಗಿಸಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಕೋಣೆಯ ಬಲ್ಬ್ ಆರಿಸಿ, ಇಲ್ಲವಾದರೆ ಹಳದಿ, ನೀಲಿ ಎರಡೂ ಸೇರಿ ಗೋಡೆಯ ಬಣ್ಣ ಕೆಡುತ್ತದೆ. ಮೋಡದ ದಿನ ಇದಕ್ಕೆ ಹೇಳಿ ಮಾಡಿಸಿದ್ದು, ಹಾಗಾಗಿ ಮಳೆಗಾಲದಲ್ಲಿ ಕಲಿಯುವುದು ವ್ಯರ್ಥವಲ್ಲ. ಜೂನ್ ನಡುವಿನಲ್ಲಿ ಶುರು ಮಾಡಿದರೆ ಹನ್ನೆರಡು ವಾರ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಮುಗಿಯುತ್ತದೆ. ಕೋಣೆ, ಫ್ಲ್ಯಾಶ್, ಎಡಿಟಿಂಗ್ ಎಲ್ಲ ಮನೆಯೊಳಗೇ ಆಗುವ ಪಾಠ.

ಹೂವು ಮಾತ್ರ ಕೋರ್ಸ್‌ಗೆ ಕಾಯುವುದಿಲ್ಲ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ಎಂಟು-ಹತ್ತು ದಿನಕ್ಕೆ ಬಿರಿಯುತ್ತದೆ, ಮೂರ್ನಾಲ್ಕು ದಿನದಲ್ಲಿ ಬಾಡುತ್ತದೆ. ಅದು ಫೆಬ್ರವರಿ-ಮಾರ್ಚ್, ಅಷ್ಟೊತ್ತಿಗೆ ಕೋರ್ಸ್ ಮುಗಿದು ತಿಂಗಳುಗಳೇ ಆಗಿರುತ್ತವೆ. 'ಆಮೇಲೂ ಫೋಟೋ ಕಳಿಸಿದರೆ ನೋಡುತ್ತೀರಾ' ಎಂದು ಸೇರುವ ಮೊದಲೇ ಕೇಳಿಟ್ಟುಕೊಳ್ಳಿ. ಹೂವಿಗೆ ಎಫ್/8, ಗಾಳಿಯಿದ್ದರೆ 1/250ಕ್ಕಿಂತ ನಿಧಾನ ಬೇಡ. ಸುತ್ತ ಕಡುಹಸಿರು ಎಲೆಯಿದ್ದರೆ −2/3, ಇಲ್ಲದಿದ್ದರೆ ಎಸಳಿನ ಗೆರೆಯೇ ಕಾಣುವುದಿಲ್ಲ.

ಕ್ಯಾಮೆರಾ ಬದಲಾಯಿಸಬೇಡಿ. ಮೊದಲ ತರಗತಿಯಲ್ಲೇ ಲೆನ್ಸ್ ಮಾರುವ ಕೋರ್ಸ್‌ಗಳೂ ಇವೆ, ಹುಷಾರು. ಆ ದುಡ್ಡಿನಲ್ಲಿ ತಲೆ ತಿರುಗಿಸಬಹುದಾದ ಫ್ಲ್ಯಾಶ್ ಒಂದು, ಟ್ರೈಪಾಡ್ ಒಂದು, ಗಾಳಿಯಾಡದ ಡಬ್ಬಿ ಒಂದು ಕೊಳ್ಳಿ. ಡಬ್ಬಿಯೊಳಗೆ ಸಿಲಿಕಾ ಜೆಲ್, ತೇವಾಂಶ ಮಾಪಕ ಇಟ್ಟು 40-50 ಶೇಕಡಾದಲ್ಲಿ ಹಿಡಿಯಿರಿ. 60 ದಾಟಿ ವಾರಗಟ್ಟಲೆ ಕೂತರೆ ಲೆನ್ಸ್ ಒಳಗೆ ಜೇಡರ ಬಲೆ ಥರ ಫಂಗಸ್ ಹಬ್ಬುತ್ತದೆ. ಬ್ಯಾಗ್‌ನಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ.

ತೋಟದಮನೆ_ವಿರಾಜಪೇಟೆ

ಎಲ್ಲರಿಗೂ ಥ್ಯಾಂಕ್ಸ್. ಆನ್‌ಲೈನ್ ಕಡೆಗೇ ಮನಸ್ಸಿದೆ. ಆದರೆ ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ನಂಬಿಕೆಯಿಲ್ಲ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಕಳಿಸಿ ಅನ್ನುತ್ತಾರೆ.

ಬೆಳಕಿಂಡಿ

24 ಮೆಗಾಪಿಕ್ಸೆಲ್ ರಾ ಫೈಲ್ ಒಂದೊಂದೂ ಸುಮಾರು 25 ಎಂಬಿ. ಇಪ್ಪತ್ತು ಕಳಿಸಿದರೆ ಅರ್ಧ ಜಿಬಿ, ಅದು ಹೋಗುವುದಿಲ್ಲ. ಉದ್ದದ ಬದಿ 2048 ಪಿಕ್ಸೆಲ್‌ನ ಜೆಪೆಗ್ ಸಾಕೇ ಎಂದು ಕೇಳಿ. ಒಂದೊಂದು ಒಂದು ಎಂಬಿ ಆಸುಪಾಸು ಬರುತ್ತದೆ. ಎಡಿಟಿಂಗ್ ಪಾಠಕ್ಕೆ ಮಾತ್ರ ಒಂದೆರಡು ರಾ. ತರಗತಿಯ ರೆಕಾರ್ಡಿಂಗ್ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತಾರಾ, ಎಷ್ಟು ದಿನ ಇಡುತ್ತಾರೆ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ.

ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಹಾಕಬೇಡಿ, ಡಾಕ್ಯುಮೆಂಟ್ ಎಂದು ಹಾಕಿ. ಫೋಟೋ ಎಂದು ಹಾಕಿದರೆ ಅದು ಕುಗ್ಗಿಸುವುದಲ್ಲದೆ ಎಕ್ಸಿಫ್ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಶಟರ್ ಎಷ್ಟಿತ್ತು, ಐಎಸ್‌ಒ ಎಷ್ಟಿತ್ತು ಎಂದು ಮೇಷ್ಟ್ರಿಗೆ ಕಾಣದಿದ್ದರೆ, ಫೋಟೋ ಅಲುಗಿದ್ದು ಕೈಯಿಂದಲೋ ನಿಧಾನದ ಶಟರ್‌ನಿಂದಲೋ ಎಂದು ಅವರು ಊಹೆಯಲ್ಲೇ ಹೇಳಬೇಕಾಗುತ್ತದೆ.